ಆ ನಾಲ್ಕು ಗಂಟೆಯಲ್ಲಿ ಮನಸ್ಸಿನ ಬಗ್ಗೆ ಯಾರಾದ್ರೂ ಕೇಳಿದ್ರಾ?

2020ರ ಮಾರ್ಚ್ ನೆನಪಿದೆಯಾ? ಊರಿಗೆಲ್ಲ ಒಂದೇ ಮಾತು: ಮನೆಯಲ್ಲೇ ಇರಿ.

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮನೆಯಲ್ಲೇ ಇರೋದು ಹೇಗೆ ಹೇಳಿ? ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಮೆಷಿನ್ ಪಕ್ಕ ಇರಲೇಬೇಕು. ತಪ್ಪಿಸಿದರೆ ನೀರು ತುಂಬಿ ಉಸಿರಾಟ ಕಷ್ಟವಾಗುತ್ತೆ, ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ. ಹೋದರೆ ಕೊರೊನಾ ಭಯ, ಹೋಗದಿದ್ದರೆ ಜೀವ ಭಯ. ಈ ಇಕ್ಕಟ್ಟಿನಲ್ಲಿ ತಿಂಗಳುಗಟ್ಟಲೆ ಬದುಕಿದವರ ಮನಸ್ಸು ಏನಾಗಿರಬೇಕು?

ಇದನ್ನ ಅರ್ಥ ಮಾಡಿಕೊಳ್ಳೋಕೆ ಟರ್ಕಿಯ ಕಡೆ ಒಮ್ಮೆ ನೋಡಿ. ಸಿರಿಯಾದಲ್ಲಿ 2011ರಲ್ಲಿ ಶುರುವಾದ ಯುದ್ಧದಿಂದ ಜೀವ ಉಳಿಸಿಕೊಂಡು ಬಂದ ಸುಮಾರು 36 ಲಕ್ಷ ಜನ 2020ರಲ್ಲಿ ಅಲ್ಲಿ ‘ತಾತ್ಕಾಲಿಕ ರಕ್ಷಣೆ’ಯಡಿ ಇದ್ದರು. ಕಿಡ್ನಿ ಕಾಯಿಲೆ ಗಡಿಯಲ್ಲಿ ನಿಲ್ಲಲ್ಲ, ಅದೂ ಜೊತೆಗೇ ಬರುತ್ತೆ. ಹಾಗಾಗಿ ಗಾಜಿಯಾಂಟೆಪ್, ಹತಾಯ್‌ನಂಥ ಗಡಿ ಭಾಗದಲ್ಲಿ ಊರಿನವರಿಗೂ ನಿರಾಶ್ರಿತರಿಗೂ ಒಂದೇ ಥರದ ಮೆಷಿನ್, ಒಂದೇ ಥರದ ಸೂಜಿ, ಒಂದೇ ಪಥ್ಯ. ಹೊರುವ ಭಾರ ಮಾತ್ರ ಬೇರೆ ಬೇರೆ.

ನಿರಾಶ್ರಿತರ ಭಾರ ನೋಡಿ. ನೋಂದಣಿ ಯಾವ ಪ್ರಾಂತ್ಯದಲ್ಲೋ ಚಿಕಿತ್ಸೆಯೂ ಅಲ್ಲೇ, ಬೇರೆ ಪ್ರಾಂತ್ಯಕ್ಕೆ ಹೋಗೋಕೆ ಅನುಮತಿ ಪತ್ರ ಬೇಕಿತ್ತು. ಡಾಕ್ಟರ್ ಮಾತು ಟರ್ಕಿಶ್, ಇವರ ಮಾತು ಅರಬಿ. ಇನ್ನೊಂದು ವಿಷಯ ನಮಗೆ ತಕ್ಷಣ ಹೊಳೆಯಲ್ಲ. ಟರ್ಕಿಯಲ್ಲಿ ಕಸಿಗೆ ಸಿಗುವ ಕಿಡ್ನಿಗಳಲ್ಲಿ ಹೆಚ್ಚಿನವು ಬದುಕಿರುವ ಹತ್ತಿರದವರು ಕೊಟ್ಟಿದ್ದು. ಅಣ್ಣ ಜರ್ಮನಿಯಲ್ಲಿ, ತಂಗಿ ಲೆಬನಾನ್‌ನಲ್ಲಿ ಅಂತ ಮನೆಯವರೆಲ್ಲ ಚದುರಿಹೋಗಿದ್ದರೆ ಕಿಡ್ನಿ ಕೊಡೋರು ಯಾರು?

ಹಾಗಂತ ಊರಿನವರಿಗೆ ಸುಖವಿತ್ತಾ? ದುಡಿಮೆ ನಿಂತಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿಬರುವ ತಾನೇ ಮನೆಯ ಹಿರಿಯರಿಗೆ ಸೋಂಕು ತರ್ತೀನೇನೋ ಅನ್ನೋ ಅಂಜಿಕೆ. ಪಕ್ಕದಲ್ಲಿ ಕೂತು ಹರಟುತ್ತಿದ್ದವರು ಮಾಸ್ಕ್ ಹಾಕಿಕೊಂಡು ದೂರ ಆದರು. ಹಲವು ಕಡೆ ಕಸಿ ಆಪರೇಷನ್‌ಗಳೂ ಮುಂದೆ ಹೋದವು.

ನನ್ನ ತಕರಾರು ಇರೋದು ಇಲ್ಲಿ. ನಿರಾಶ್ರಿತರನ್ನ ನೋಡಿ ನಾವು ‘ಪಾಪ, ದುಃಖ ಇದ್ದೇ ಇರುತ್ತೆ ಬಿಡಿ’ ಅಂತೀವಿ. ಊರಿನವರನ್ನ ನೋಡಿ ‘ಮನೆ ಮಠ ಇದೆ, ಇವರಿಗೇನು ಕಮ್ಮಿ’ ಅಂತೀವಿ. ಒಂದು ಅನುಕಂಪ, ಇನ್ನೊಂದು ಅಸಡ್ಡೆ. ಫಲ ಮಾತ್ರ ಒಂದೇ: ಇಬ್ಬರನ್ನೂ ಯಾರೂ ಕೇಳಲ್ಲ. ಯಾರ ದುಃಖ ದೊಡ್ಡದು ಅಂತ ತೂಗೋದ್ರಿಂದ ಯಾರಿಗೂ ಚಿಕಿತ್ಸೆ ಸಿಗಲ್ಲ.

ಕೇಳದಿದ್ದರೆ ಗೊತ್ತಾಗೋದೂ ಕಷ್ಟ. ಸುಸ್ತು, ನಿದ್ದೆ ಬಾರದಿರೋದು, ಊಟ ಸೇರದಿರೋದು ಖಿನ್ನತೆಯ ಲಕ್ಷಣಗಳು. ಕಿಡ್ನಿ ಕೈಕೊಟ್ಟಾಗಲೂ ಇವೇ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಎಲ್ಲವೂ ‘ಕಿಡ್ನಿ ಪ್ರಾಬ್ಲಮ್’ ಲೆಕ್ಕಕ್ಕೆ ಸೇರಿಬಿಡುತ್ತೆ. ಹಲವು ದೇಶಗಳ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ, ಪ್ರಶ್ನಾವಳಿ ತುಂಬಿಸಿದರೆ ಡಯಾಲಿಸಿಸ್‌ನಲ್ಲಿರುವ 100 ಜನರಲ್ಲಿ ಸುಮಾರು 40 ಮಂದಿಯಲ್ಲಿ ಖಿನ್ನತೆಯ ಲಕ್ಷಣ ಕಂಡಿದೆ. ಕೂರಿಸಿಕೊಂಡು ಮಾತಾಡಿಸಿ ಪರೀಕ್ಷಿಸಿದರೆ 20ಕ್ಕಿಂತ ತುಸು ಹೆಚ್ಚು. ಇದು ಕೊರೊನಾಕ್ಕೂ ಮುಂಚಿನ ಲೆಕ್ಕ.

‘ಸ್ವಲ್ಪ ಬೇಜಾರು ತಾನೇ’ ಅಂತ ಸುಮ್ಮನಾಗಬೇಡಿ. ಮನಸ್ಸು ಸೋತವರು ಡಯಾಲಿಸಿಸ್ ತಪ್ಪಿಸೋದು, ಮಾತ್ರೆ ಬಿಡೋದು ಹೆಚ್ಚು. ಆಸ್ಪತ್ರೆಗೆ ದಾಖಲಾಗೋದು, ಸಾಯೋದು ಕೂಡ ಅವರಲ್ಲೇ ಹೆಚ್ಚು.

ಹಾಗಾದ್ರೆ ಏನು ಮಾಡಬೇಕು? ಪ್ರತಿ ಸಲ ತೂಕ ನೋಡ್ತಾರೆ, ಬಿಪಿ ನೋಡ್ತಾರೆ. ಆಗಾಗ ಎರಡು ಪ್ರಶ್ನೆಯನ್ನೂ ಸೇರಿಸಲಿ: ಈ ಎರಡು ವಾರದಲ್ಲಿ ಮನಸ್ಸು ಕುಗ್ಗಿದ ಹಾಗಿತ್ತಾ? ಮೊದಲು ಖುಷಿ ಕೊಡ್ತಿದ್ದ ಕೆಲಸಗಳಲ್ಲಿ ಈಗ ಆಸಕ್ತಿ ಇಲ್ವಾ? ಹೌದು ಅಂದವರನ್ನ ಮನೋವೈದ್ಯರು ನೋಡಲಿ. ರೋಗಿ ಹೇಗೂ ನಾಲ್ಕು ಗಂಟೆ ಅಲ್ಲೇ ಇರ್ತಾರೆ. ಆ ಹೊತ್ತಲ್ಲೇ ಕುರ್ಚಿಯ ಪಕ್ಕ ಕೂತು ಕೌನ್ಸೆಲಿಂಗ್ ಕೊಡಬಹುದು ಅಂತ ಅಮೆರಿಕದಲ್ಲಿ ಮಾಡಿ ತೋರಿಸಿದ್ದಾರೆ. ಮಾತ್ರೆಗಳೂ ಇವೆ, ಆದರೆ ಕಿಡ್ನಿ ಡಾಕ್ಟರಿಗೆ ತಿಳಿಸದೆ ಶುರು ಮಾಡಬಾರದು.

ಪ್ರಶ್ನೆ ರೋಗಿಯ ಭಾಷೆಯಲ್ಲೇ ಇರಬೇಕು. ಮಗನನ್ನೇ ದುಭಾಷಿ ಮಾಡಿದರೆ, ‘ನನಗೆ ಬದುಕೋದೇ ಬೇಡ ಅನ್ನಿಸ್ತಿದೆ’ ಅಂತ ಯಾವ ಅಪ್ಪ ತಾನೇ ಹನ್ನೆರಡು ವರ್ಷದ ಮಗನ ಬಾಯಲ್ಲಿ ಹೇಳಿಸ್ತಾನೆ? ಅರಬಿ ಬಲ್ಲ ದುಭಾಷಿ ಅಲ್ಲಿ ಔಷಧಿಯಷ್ಟೇ ಮುಖ್ಯ.

ಇದು ದೂರದ ಟರ್ಕಿಯ ಕಥೆ ಅಂದುಕೊಳ್ಳಬೇಡಿ. ನಮ್ಮ ಜಿಲ್ಲಾಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲೂ ಕನ್ನಡ ಬಾರದ ಕೂಲಿಯವರು ಇರಬಹುದು. ನಿಮ್ಮ ಮನೆಯಲ್ಲೇ ಅಪ್ಪನೋ ಚಿಕ್ಕಮ್ಮನೋ ವಾರಕ್ಕೆ ಮೂರು ದಿನ ಹೋಗಿಬರ್ತಿರಬಹುದು. ‘ನೀರು ಎಷ್ಟು ಕುಡಿದ್ರಿ?’ ಅಂತ ದಿನಾ ಗದರಿಸ್ತೀವಿ, ಅಲ್ವಾ? ಇವತ್ತು ಅದರ ಬದಲು ‘ಮನಸ್ಸು ಹೇಗಿದೆ?’ ಅಂತ ಕೇಳಿ. ಕೇಳಿದ ಮೇಲೆ ಬುದ್ಧಿ ಹೇಳೋಕೆ ಹೋಗಬೇಡಿ, ಪೂರ್ತಿ ಕೇಳಿಸಿಕೊಳ್ಳಿ.

ಬದುಕು ಬೇಡ ಅನ್ನೋ ಮಾತು ಬಂದರೆ ತಡ ಮಾಡಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಡಯಾಲಿಸಿಸ್‌ಗೆ ಹೋಗಿಬರುವವರು ನಿಮಗೆ ಗೊತ್ತಿದ್ದರೆ ಇದನ್ನ ಅವರ ಮನೆಯವರಿಗೆ ಕಳಿಸಿ. ನೀವೇ ಹೋಗಿಬರ್ತಿದ್ದರೆ, ನಿಮ್ಮನ್ನ ಯಾರಾದ್ರೂ ಹೀಗೆ ಕೇಳಿದ್ದಾರಾ? ಕಾಮೆಂಟ್‌ನಲ್ಲಿ ಬರೀರಿ, ಓದ್ತೀನಿ.

#ಡಯಾಲಿಸಿಸ್ #ಖಿನ್ನತೆ #ಮನಸ್ಸಿನಆರೋಗ್ಯ #ಕನ್ನಡ