ಸೀಸದ ಗುಂಡು, ರಣಹದ್ದಿನ ಹೊಟ್ಟೆ

ಅಮೆರಿಕದಲ್ಲಿ ಭಾರೀ ರಿವಾಲ್ವರುಗಳ ಆರಾಧಕರ ದೊಡ್ಡದೊಂದು ಬಳಗವಿದೆ. ಅಂಗಡಿಯಲ್ಲಿ ಸಿಗುವ ತೋಟೆಗಳಿಂದ ಇವರಿಗೆ ತೃಪ್ತಿಯಿಲ್ಲ. ಹಾರಿಸಿ ಉಳಿದ ಹಿತ್ತಾಳೆಯ ಖಾಲಿ ತೋಟೆಗಳನ್ನು ಆಯ್ದು ತಂದು, ತೊಳೆದು, ಹೊಸ ಕೇಪು ಕೂರಿಸಿ, ಮದ್ದು ಅಳೆದು ಸುರಿದು, ತಾವೇ ಎರಕ ಹೊಯ್ದ ಗುಂಡನ್ನು ಬಾಯಿಗಿಟ್ಟು ಬಿಗಿಯುತ್ತಾರೆ. ಈ ಹವ್ಯಾಸಕ್ಕೆ ಅವರು ಕೊಟ್ಟುಕೊಂಡಿರುವ ಹೆಸರು ಸ್ವಾವಲಂಬನೆ. ತನ್ನ ಈಡನ್ನು ತಾನೇ ಕಟ್ಟಿಕೊಳ್ಳುವವನು ಯಾವ ಕಂಪನಿಯ ಹಂಗಿನಲ್ಲೂ ಇಲ್ಲವೆಂಬುದು ಅವರ ಹೆಮ್ಮೆ. ಹೆಮ್ಮೆಯೇನೋ ಸರಿ. ಆದರೆ ಆ ಎರಕದ ಪಾತ್ರೆಯಲ್ಲಿ ಕುದಿಯುತ್ತಿರುವ ಲೋಹ ಯಾವುದು, ಕೋವಿಯ ಬಾಯಿ ಬಿಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಯಾರ ಹೊಟ್ಟೆಯಲ್ಲಿ ಕೊನೆಗೊಳ್ಳುತ್ತದೆ ಎಂಬ ಪ್ರಶ್ನೆಗೆ ಈ ಸ್ವಾವಲಂಬಿಗಳು ಉತ್ತರಿಸಲೇಬೇಕು.

ಈ ಪಂಥದ ಮೂಲಪುರುಷ ಐಡಾಹೊ ರಾಜ್ಯದ ದನಗಾಹಿ ಹಾಗೂ ಕೋವಿಗಳ ಕುರಿತ ಲೇಖಕ ಎಲ್ಮರ್ ಕೀತ್ (1899-1984). ಹಳೆಯ .44 ಸ್ಪೆಷಲ್ ತೋಟೆಯಲ್ಲಿ ಕಾರ್ಖಾನೆಗಳು ತುಂಬುತ್ತಿದ್ದುದಕ್ಕಿಂತ ಬಹಳ ಹೆಚ್ಚಿನ ಬಲದ ಈಡನ್ನು ಆತ ದಶಕಗಳ ಕಾಲ ಸ್ವತಃ ತುಂಬಿ ಪರೀಕ್ಷಿಸಿದ. ಮೂತಿ ಚಪ್ಪಟೆಯಾದ ಭಾರವಾದ ಸೀಸದ ಗುಂಡಿಗೆ ತನ್ನದೇ ಅಚ್ಚನ್ನು ರೂಪಿಸಿದ. ಆತನ ಒತ್ತಾಯದ ಫಲವಾಗಿ 1955ರ ಕೊನೆಯ ಹೊತ್ತಿಗೆ ರೆಮಿಂಗ್ಟನ್ ಕಂಪನಿಯ ತೋಟೆಯೂ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ರಿವಾಲ್ವರೂ ಸೇರಿ .44 ಮ್ಯಾಗ್ನಂ ಹುಟ್ಟಿತು. 1971ರಲ್ಲಿ ಬಂದ ‘ಡರ್ಟಿ ಹ್ಯಾರಿ’ ಚಲನಚಿತ್ರ ಅದನ್ನು ಮನೆಮಾತಾಗಿಸಿತು. ಅಲ್ಲಿಗೂ ದಾಹ ತೀರಲಿಲ್ಲ. ಡಿಕ್ ಕಾಸುಲ್ ರೂಪಿಸಿದ .454 ಕಾಸುಲ್ 1983ರಿಂದ ವ್ಯೋಮಿಂಗಿನ ಫ್ರೀಡಂ ಆರ್ಮ್ಸ್ ರಿವಾಲ್ವರುಗಳಲ್ಲಿ ಮಾರಾಟಕ್ಕೆ ಬಂತು. 2003ರಲ್ಲಿ .500 ಸ್ಮಿತ್ ಅಂಡ್ ವೆಸ್ಸನ್ ಮ್ಯಾಗ್ನಂ ಬಂತು: ಅರ್ಧ ಅಂಗುಲ ವ್ಯಾಸದ ಗುಂಡು, ಉದ್ದ ನಳಿಕೆಯ ಮಾದರಿಯಲ್ಲಿ ಸುಮಾರು ಎರಡು ಕಿಲೋ ತೂಗುವ ಕೈಕೋವಿ!

ಇಂಥ ಈಡು ಕಟ್ಟುವುದು ಹುಡುಗಾಟದ ಕೆಲಸವಲ್ಲ. ಹಾರಿಸಿದಾಗ ಉಬ್ಬಿದ ತೋಟೆಯನ್ನು ಒತ್ತುಯಂತ್ರದಲ್ಲಿ ಮೊದಲಿನ ಅಳತೆಗೆ ತರಬೇಕು. ಮದ್ದಿನ ತೂಕದಲ್ಲಿ ತಪ್ಪಿದರೆ ರಿವಾಲ್ವರಿನ ಉರುಳೆಯೇ ಸಿಡಿದೀತು. ತೋಟೆಯ ಬಾಯಿಯನ್ನು ಗುಂಡಿನ ಸುತ್ತ ಬಲವಾಗಿ ಬಿಗಿಯದಿದ್ದರೆ, ಒಂದು ಗುಂಡು ಹಾರಿದ ಒದೆತಕ್ಕೆ ಉರುಳೆಯಲ್ಲಿರುವ ಉಳಿದ ಗುಂಡುಗಳು ಮುಂದಕ್ಕೆ ಜಾರಿ, ಉರುಳೆ ತಿರುಗದೆ ಸಿಕ್ಕಿಕೊಳ್ಳುತ್ತದೆ. ಗುಂಡಿಗೆ ಗಡಸುತನ ಬರಲೆಂದು ಸೀಸಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರೆಸುತ್ತಾರೆ. ವಾಹನಗಳ ಚಕ್ರಕ್ಕೆ ಸಮತೋಲನಕ್ಕೆಂದು ಹೊಡೆಯುತ್ತಿದ್ದ ಹಳೆಯ ಸೀಸದ ಬಿಲ್ಲೆಗಳು, ಮುದ್ರಣಾಲಯಗಳ ಹಳೆಯ ಅಚ್ಚುಮೊಳೆಯ ಲೋಹ - ಎಲ್ಲವೂ ಈ ಕಡಾಯಿಗೆ ಬಿದ್ದಿವೆ. ಇಷ್ಟು ಸೂಕ್ಷ್ಮವಾಗಿ ಗುಲಗಂಜಿ ತೂಕದ ಲೆಕ್ಕವಿಡುವ ಮನುಷ್ಯನಿಗೆ ತಾನು ಮಣ್ಣಿಗೆಸೆಯುವ ಸೀಸದ ಲೆಕ್ಕ ಮಾತ್ರ ಮರೆತುಹೋಗುವುದು ಹೇಗೆ?

ಆ ಲೆಕ್ಕವನ್ನು ಇಲ್ಲಿಯೇ ಮಾಡಿ ನೋಡಬಹುದು. .44 ಮ್ಯಾಗ್ನಂ ರಿವಾಲ್ವರಿನ ಸಾಮಾನ್ಯ ಗುಂಡು 240 ಗ್ರೇನ್, ಅಂದರೆ ಸುಮಾರು ಹದಿನೈದೂವರೆ ಗ್ರಾಂ. ವಾರಕ್ಕೆ ನೂರು ಗುಂಡು ಹಾರಿಸುವ ಒಬ್ಬ ಹವ್ಯಾಸಿ ವರ್ಷಕ್ಕೆ 5,200 ಗುಂಡು ಹಾರಿಸುತ್ತಾನೆ. ಅದರ ತೂಕ 80 ಕಿಲೋ. ಒಬ್ಬ ವಯಸ್ಕ ಮನುಷ್ಯನ ತೂಕಕ್ಕಿಂತಲೂ ಹೆಚ್ಚು ಸೀಸ, ಒಬ್ಬನೇ ವ್ಯಕ್ತಿಯಿಂದ, ಒಂದೇ ವರ್ಷದಲ್ಲಿ. ಇದೇ ಸೀಸವನ್ನು ಒಂದು ಕಾರ್ಖಾನೆ ಹಳ್ಳಕ್ಕೆ ಸುರಿದಿದ್ದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ಮೋಜಿಗಾಗಿ ಚೆಲ್ಲಿದರೆ ವಿಷವು ವಿಷವಾಗದೆ ಉಳಿಯುವುದೇ?

ಬೇಟೆಯ ಕಾಡಿನಲ್ಲಿ ನಡೆಯುವುದು ಇನ್ನೂ ಕ್ರೂರ. ಜಿಂಕೆಯನ್ನು ಹೊಡೆದವನು ಕರುಳು ತೆಗೆದು ಅಲ್ಲಿಯೇ ಬಿಟ್ಟು ಮಾಂಸವನ್ನು ಹೊತ್ತೊಯ್ಯುತ್ತಾನೆ. ಆ ಕರುಳಿನ ರಾಶಿಯಲ್ಲಿ ಸೀಸದ ಚೂರುಗಳಿರುತ್ತವೆ. ಅದನ್ನು ತಿನ್ನಲು ಆಕಾಶದಿಂದ ಇಳಿಯುವುದು ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಮಹಾ ರಣಹದ್ದು. ಹಕ್ಕಿಯ ಜಠರದ ಪ್ರಬಲ ಆಮ್ಲದಲ್ಲಿ ಸೀಸ ಕರಗಿ ರಕ್ತ ಸೇರುತ್ತದೆ. ನರಗಳು ಸೋತು ಅನ್ನನಾಳದ ಚಲನೆ ನಿಲ್ಲುತ್ತದೆ. ಗಂಟಲ ಚೀಲದಲ್ಲಿ ಆಹಾರ ತುಂಬಿದ್ದರೂ ಅದು ಕೆಳಗಿಳಿಯದೆ ಹಕ್ಕಿ ಹಸಿವಿನಿಂದ ಸಾಯುತ್ತದೆ! ತುಂಬಿದ ಬಾಯಿಯ ಈ ಉಪವಾಸದ ಸಾವಿಗೆ ಯಾವ ಶೌರ್ಯದ ಕಥೆಯಲ್ಲೂ ಜಾಗವಿಲ್ಲ.

1982ರಲ್ಲಿ ಈ ಹಕ್ಕಿಗಳ ಸಂಖ್ಯೆ ಕೇವಲ 22ಕ್ಕೆ ಇಳಿದಿತ್ತು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ಪಂಜರದಲ್ಲಿ ಸಂತಾನವೃದ್ಧಿ ಮಾಡಿಸಿ, 1992ರಿಂದ ಮತ್ತೆ ಬಯಲಿಗೆ ಬಿಡಲಾಯಿತು. ಇಂದು ಕಾಡು ಮತ್ತು ಪಂಜರಗಳೆರಡನ್ನೂ ಸೇರಿಸಿ 500ಕ್ಕೂ ಹೆಚ್ಚು ಹಕ್ಕಿಗಳಿವೆ. ಆದರೂ ಬಿಡುಗಡೆಯಾದ ಹಕ್ಕಿಗಳ ಸಾವಿಗೆ ಮೊದಲ ಕಾರಣ ಸೀಸವೇ. ಆರೇಳು ವರ್ಷ ದಾಟದೆ ಮರಿ ಮಾಡದ, ಒಂದು ಬಾರಿಗೆ ಒಂದೇ ಮೊಟ್ಟೆಯಿಡುವ ಹಕ್ಕಿಯ ಸಂಸಾರಕ್ಕೆ ಪ್ರಾಯದ ಒಂದು ಹಕ್ಕಿಯ ಸಾವೂ ತುಂಬಲಾರದ ನಷ್ಟ. ಹಿಡಿದು ರಕ್ತ ಪರೀಕ್ಷಿಸಿ, ಸೀಸ ಇಳಿಸುವ ಔಷಧ ಚುಚ್ಚಿ ಬಿಟ್ಟ ಹಕ್ಕಿ ಮತ್ತೆ ಸೀಸದ ಕರುಳನ್ನೇ ತಿನ್ನಲು ಹೋಗುವುದಾದರೆ, ಇದು ಸಂರಕ್ಷಣೆಯೋ ಕೊನೆಯಿಲ್ಲದ ಆಸ್ಪತ್ರೆ ವಾಸವೋ?

ಕಾಂಡೋರ್ ಒಂದರದೇ ಕಥೆಯಲ್ಲ ಇದು. 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಹೆಚ್ಚುಕಡಿಮೆ ಅರ್ಧದಷ್ಟು ಹದ್ದುಗಳ ಮೂಳೆಗಳಲ್ಲಿ ದೀರ್ಘಕಾಲದ ಸೀಸದ ವಿಷವನ್ನು ಕಂಡಿತು. ಬೋಳುಹದ್ದು ಅಮೆರಿಕದ ರಾಷ್ಟ್ರಲಾಂಛನ. ಲಾಂಛನವನ್ನು ಟೊಪ್ಪಿಗೆಯ ಮೇಲೆ ಹೊಲಿಸಿಕೊಂಡು, ಅದರ ಮೂಳೆಗೆ ಸೀಸ ತುಂಬುವ ದೇಶಭಕ್ತಿ ಎಂಥದು?

ಮನುಷ್ಯರೂ ಇದರಿಂದ ಹೊರತಲ್ಲ. ಬೇಟೆಗಾರರು ಬಡವರಿಗೆಂದು ದಾನ ಕೊಟ್ಟ ಜಿಂಕೆಯ ಕೊಚ್ಚಿದ ಮಾಂಸದಲ್ಲಿ ಸೀಸದ ಕಣಗಳು ಸಿಕ್ಕಾಗ, 2008ರಲ್ಲಿ ಉತ್ತರ ಡಕೋಟ ರಾಜ್ಯದ ಆರೋಗ್ಯ ಇಲಾಖೆ ಅದನ್ನು ಬಳಸದಿರುವಂತೆ ದಾನದ ಉಗ್ರಾಣಗಳಿಗೆ ಸೂಚಿಸಬೇಕಾಯಿತು. ತೋಟೆ ತುಂಬುವವನ ಕೊಠಡಿಯಲ್ಲಂತೂ ವಿಷ ಮನೆಯೊಳಗೇ ಇದೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮೇಲೆ ತೇಲುವ ಬೂದಿಯಂಥ ಕಿಟ್ಟವೇ ಅಲ್ಲಿ ಹೆಚ್ಚಿನ ಅಪಾಯ. ಸಾಮಾನ್ಯ ಕೇಪಿನ ಸ್ಫೋಟಕದಲ್ಲಿಯೂ ಸೀಸದ ಲವಣವಿದೆ. ಅದರ ಮಸಿ ಖಾಲಿ ತೋಟೆಗೆ ಅಂಟಿರುತ್ತದೆ. ತೋಟೆಗಳನ್ನು ಒಣ ಹೊಟ್ಟಿನಲ್ಲಿ ತಿರುಗಿಸಿ ಹೊಳಪು ಕೊಡುವಾಗ ಧೂಳಾಗಿ ಏಳುತ್ತದೆ, ಬಟ್ಟೆಗೆ ಹತ್ತಿ ಅಡುಗೆಮನೆ ಸೇರುತ್ತದೆ, ನೆಲದಲ್ಲಿ ಹರಿದಾಡುವ ಮಗುವಿನ ಬೆರಳಿನಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮೂಳೆ ಸೇರಿದ ಸೀಸ ದಶಕಗಳ ಕಾಲ ಅಲ್ಲಿಯೇ ಕೂರುತ್ತದೆ.

ಇದಕ್ಕೆಲ್ಲ ಸೀಸದ ಪಕ್ಷಪಾತಿಗಳು ಕೊಡುವ ಉತ್ತರಗಳು ಮೂರು. ಮೊದಲನೆಯದು: ರಿವಾಲ್ವರಿನ ಗಡಸು ಎರಕದ ಗುಂಡು ನಿಧಾನಗತಿಯದು, ರೈಫಲ್ ಗುಂಡಿನಂತೆ ನೂರಾರು ಚೂರಾಗಿ ಒಡೆಯುವುದಿಲ್ಲ. ಈ ಮಾತಿನಲ್ಲಿ ನಿಜಾಂಶವಿದೆ, ಒಪ್ಪಬೇಕು. ಆದರೆ ಎಲ್ಲರೂ ಗಡಸು ಗುಂಡನ್ನೇ ಬಳಸುವುದಿಲ್ಲ. ತಾಮ್ರದ ಕವಚದ ಮೆದು ಮೂತಿಯ ಗುಂಡುಗಳು ಅರಳಲೆಂದೇ ತಯಾರಾದವು, ಹೊಸ ಮ್ಯಾಗ್ನಂಗಳ ವೇಗದಲ್ಲಿ ಅವು ಸೀಸ ಚೆಲ್ಲುತ್ತವೆ. ಚೂರಾಗದ ಗುಂಡಾದರೂ ಮೈಯಲ್ಲಿ ಉಳಿದರೆ ಇಡಿಯಾದ ಸೀಸವೇ. ಗಾಯಗೊಂಡು ತಪ್ಪಿಸಿಕೊಂಡು ಪೊದೆಯಲ್ಲಿ ಸತ್ತ ಜಿಂಕೆಯ ಹೆಣವನ್ನು ಹದ್ದು ಬಿಡುವುದಿಲ್ಲ. ಎರಕದ ಕಿಟ್ಟಕ್ಕೂ ಕೇಪಿನ ಧೂಳಿಗೂ ಈ ವಾದದಲ್ಲಿ ಉತ್ತರವೇ ಇಲ್ಲ.

ಎರಡನೆಯದು: ತಾಮ್ರ ಹಗುರ, ದುಬಾರಿ. ಸೀಸದ ಸಾಂದ್ರತೆ 11.3, ತಾಮ್ರದ್ದು 8.9, ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ, ಉರುಳೆಯ ಉದ್ದಕ್ಕೆ ಮಿತಿಯಿದೆ. ಹಾಗಾದರೆ ಸ್ವಲ್ಪ ಹಗುರವಾದ ಗುಂಡನ್ನು ಬಳಸಿದರಾಯಿತು. ಬಾರ್ನ್ಸ್ ಮೊದಲಾದ ತಯಾರಕರ ಅಪ್ಪಟ ತಾಮ್ರದ ಗುಂಡುಗಳು .44 ಮ್ಯಾಗ್ನಂಗೂ .454 ಕಾಸುಲ್‌ಗೂ .500ಕ್ಕೂ ಬಿಡಿಯಾಗಿ ದೊರೆಯುತ್ತವೆ. ಅವು ಅರಳಿಯೂ ತೂಕ ಕಳೆದುಕೊಳ್ಳದೆ ಆಳಕ್ಕೆ ಹೋಗುತ್ತವೆ. ಅಂಗಡಿಯ ತೋಟೆಯನ್ನೇ ನಂಬಿದವನು ಅಲ್ಲಿ ಸಿಕ್ಕಿದ್ದನ್ನು ಕೊಳ್ಳಬೇಕು. ತಾನೇ ತುಂಬುವವನಿಗೆ ಆ ಕಟ್ಟಿಲ್ಲ. ಯಾವ ಲೋಹವೆಂದು ತೀರ್ಮಾನಿಸುವ ಕೈ ಆತನದೇ. ಸ್ವಾತಂತ್ರ್ಯ ಹೆಚ್ಚಿದಷ್ಟೂ ಹೊಣೆಯೂ ಹೆಚ್ಚುತ್ತದೆ ಎಂಬುದನ್ನು ಸ್ವಾವಲಂಬನೆಯ ಪ್ರವಾದಿಗಳಿಗೆ ಬೇರೆಯವರು ಹೇಳಿಕೊಡಬೇಕೆ?

ಮೂರನೆಯ ವಾದವೇ ಎಲ್ಲಕ್ಕಿಂತ ಗಟ್ಟಿದನಿಯದು: ಸೀಸ ನಿಷೇಧವು ಕೋವಿ ನಿಷೇಧದ ಹಿಂಬಾಗಿಲು. ಇತಿಹಾಸ ಇದನ್ನು ಸುಳ್ಳಾಗಿಸಿದೆ. 1991ರಲ್ಲಿ ಅಮೆರಿಕದಾದ್ಯಂತ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಲಾಯಿತು. ಬಾತುಕೋಳಿ ಬೇಟೆ ಇಂದಿಗೂ ನಡೆಯುತ್ತಿದೆ, ಉಕ್ಕಿನ ಚರೆಯಿಂದ. ಕ್ಯಾಲಿಫೋರ್ನಿಯಾ 2008ರಲ್ಲಿ ಕಾಂಡೋರ್ ವಾಸದ ಪ್ರದೇಶಗಳಲ್ಲಿಯೂ, 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿಯೂ ಬೇಟೆಗೆ ಸೀಸವನ್ನು ನಿಷೇಧಿಸಿತು. ನ್ಯಾಷನಲ್ ರೈಫಲ್ ಅಸೋಸಿಯೇಷನ್ ವಿರೋಧಿಸಿತು. ಕಾನೂನು ಬಂದ ಮೇಲೂ ಬೇಟೆ ನಿಲ್ಲಲಿಲ್ಲ. ಅರಿಜೋನದಲ್ಲಿ ಕಾನೂನಿಲ್ಲದೆಯೇ 2005ರಿಂದ ರಾಜ್ಯದ ಇಲಾಖೆ ಕಾಂಡೋರ್ ಪ್ರದೇಶದ ಬೇಟೆಗಾರರಿಗೆ ಸೀಸರಹಿತ ತೋಟೆಗಳನ್ನು ಉಚಿತವಾಗಿ ಹಂಚಿತು. ಬಹುಪಾಲು ಬೇಟೆಗಾರರು ಒಪ್ಪಿದರು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನೂ 2024ರಲ್ಲಿ ಬೇಟೆಯ ಸೀಸದ ಗುಂಡನ್ನೂ ತೊರೆಯಿತು. ಇನ್ನೊಂದೆಡೆ, 2017ರ ಜನವರಿಯಲ್ಲಿ ಅಮೆರಿಕದ ವನ್ಯಜೀವಿ ಸೇವೆಯು ತನ್ನ ಅಧೀನದ ಪ್ರದೇಶಗಳಿಂದ ಸೀಸವನ್ನು ಹಂತಹಂತವಾಗಿ ತೆಗೆಯಲು ಹೊರಡಿಸಿದ ಆದೇಶವನ್ನು, ಹೊಸ ಸರಕಾರದ ಸಚಿವ ರಯಾನ್ ಜಿಂಕಿ ಮಾರ್ಚ್ ತಿಂಗಳಲ್ಲಿಯೇ ರದ್ದುಪಡಿಸಿದರು. ವಿಜ್ಞಾನ ದಶಕಗಳಲ್ಲಿ ಕಟ್ಟಿದ್ದನ್ನು ರಾಜಕಾರಣ ಆರು ವಾರಗಳಲ್ಲಿ ಕೆಡವಿತು.

ದೂರದೇಶದ ಈ ಜಗಳ ಸಹ್ಯಾದ್ರಿಯ ತಪ್ಪಲಿನ ಜನಕ್ಕೇಕೆ ಎಂದು ಕೇಳುವವರಿದ್ದಾರೆ. ರಣಹದ್ದಿನ ಪಾಠವನ್ನು ಈ ದೇಶ ಬಹು ದೊಡ್ಡ ಬೆಲೆ ತೆತ್ತು ಕಲಿತಿದೆ. ದನಕರುಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಎಂಬ ನೋವುನಿವಾರಕ, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿ, ಮೂರು ಪ್ರಭೇದಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಅಳಿಸಿಹಾಕಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದು ನಿಷೇಧವಾಯಿತು. ಮೆಲಾಕ್ಸಿಕಾಂ ಎಂಬ ಬದಲಿ ಮದ್ದು ಇತ್ತು. ದನದ ಚಿಕಿತ್ಸೆ ನಿಂತಿತೇ? ಇಲ್ಲ, ಮದ್ದು ಮಾತ್ರ ಬದಲಾಯಿತು. ಪೆಟ್ರೋಲಿನ ಸೀಸವನ್ನು ಭಾರತ 2000ದಲ್ಲಿ ತೆಗೆಯಿತು, ವಾಹನಗಳು ನಿಲ್ಲಲಿಲ್ಲ.

ಭಾರೀ ರಿವಾಲ್ವರಿನ ಗೀಳು ಮಲೆನಾಡಿಗೆ ಬಂದಿಲ್ಲ. ಕೋವಿ ಬಂದು ತಲೆಮಾರುಗಳೇ ಆಗಿವೆ. ಕೊಡಗಿನಲ್ಲಿ ಕೈಲ್ ಪೊಳ್ದಿನಂದು ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ. ಉಳಿದೆಡೆ ಬೆಳೆ ಕಾಯಲು ಪರವಾನಗಿಯ ಕೋವಿಗಳಿವೆ. ಕೇಪಿನ ಕೋವಿಗೆ ಮದ್ದು ಗಿಡಿದು ಚರೆ ಸುರಿಯುವ ಕೈಯೂ ಸೀಸವನ್ನೇ ಮುಟ್ಟುತ್ತದೆ. ಬೀಸುಬಲೆಯ ಅಂಚಿಗೆ ಪೋಣಿಸುವ ಮಣಿಯೂ ಸೀಸವೇ. ಅಡುಗೆಯ ಒಲೆಯಲ್ಲಿ ಸೀಸ ಕರಗಿಸಬಾರದು, ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರಬಾರದು, ಗುರಿಯ ಹಿಂದಿನ ದಿಬ್ಬದ ಸೀಸವನ್ನು ಹೆಕ್ಕಿ ತೆಗೆಯಬೇಕು, ಅದು ಮಳೆಗಾಲದ ತೊರೆಗೆ ಇಳಿಯಕೂಡದು. ಇಷ್ಟಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ.

ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಮಾತನ್ನು ನೆನಪಿಡಲಿ. ಪೆಟ್ರೋಲಿರಲಿ, ಬಣ್ಣವಿರಲಿ, ಗುಂಡಿರಲಿ, ಸೀಸವನ್ನು ಬಿಡಿ ಎಂದಾಗಲೆಲ್ಲ ಅದರ ಬಳಕೆದಾರರು ‘ಬದಲಿ ಇಲ್ಲ’ ಎಂದೇ ಕೂಗಿದ್ದಾರೆ. ಪ್ರತಿ ಬಾರಿಯೂ ಬದಲಿ ಇತ್ತು. ಗುರಿಯಿಡುವ ಹಕ್ಕು ಬೇಕೆನ್ನುವವನು ಗುರಿ ತಪ್ಪಿದ ಗುಂಡಿಗೂ ಹೊಣೆಯಾಗಲಿ. ತನ್ನ ಈಡನ್ನು ತಾನೇ ಕಟ್ಟುವವನು ಸೀಸವನ್ನು ಕೆಳಗಿಟ್ಟು ತಾಮ್ರವನ್ನು ಕೈಗೆತ್ತಿಕೊಳ್ಳಲಿ. ಅದನ್ನೂ ಮಾಡಲಾರೆನೆನ್ನುವವನು ತನ್ನ ಹವ್ಯಾಸವನ್ನು ಸ್ವಾವಲಂಬನೆಯೆಂದು ಕರೆಯುವುದನ್ನಾದರೂ ನಿಲ್ಲಿಸಲಿ. ಅದರ ಬೆಲೆಯನ್ನು ತೆರುತ್ತಿರುವುದು ಹದ್ದು, ಮಣ್ಣು ಮತ್ತು ಮಗು.