ಅರಮನೆ ಮೈದಾನದ 15 ಎಕರೆಗೆ 3 ಸಾವಿರ ಕೋಟಿ: ಈ ಲೆಕ್ಕ ಹೊಸಹಳ್ಳಿಯವರಿಗೂ ಯಾಕೆ ಬೇಕು?

ಕಾನಹೊಸಹಳ್ಳಿ: ಬೆಂಗಳೂರಿನ ಅರಮನೆ ಮೈದಾನ ಅಂದ್ರೆ ಕೂಡ್ಲಿಗಿ ತಾಲ್ಲೂಕಿನ ಜನರಿಗೆ ನೆನಪಾಗೋದು ಎರಡು. ಒಂದು ದೊಡ್ಡೋರ ಮದುವೆ, ಇನ್ನೊಂದು ಪಕ್ಷಗಳ ಸಮಾವೇಶ. ಆದರೆ ಅದೇ ಮೈದಾನದ ಅಂಚಿನ 15 ಎಕರೆ 39 ಗುಂಟೆ ಜಾಗಕ್ಕಾಗಿ ರಾಜ್ಯ ಸರ್ಕಾರ ಮತ್ತು ಮೈಸೂರು ರಾಜಮನೆತನ ಸುಪ್ರೀಂ ಕೋರ್ಟ್‌ನಲ್ಲಿ ಎದುರುಬದುರಾಗಿವೆ. ಜಾಗದ ಬೆಲೆ 3,011 ಕೋಟಿ ರೂಪಾಯಿ ಅಂತ ಸರ್ಕಾರವೇ ಲೆಕ್ಕ ಹಾಕಿದೆ.

ಈ ಮೊತ್ತ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಇಲ್ಲಿನ ಲೆಕ್ಕವೇ ಸಾಕು. ಕೂಡ್ಲಿಗಿ ಭಾಗದ 74 ಕೆರೆಗಳಿಗೆ ತುಂಗಭದ್ರಾ ನೀರು ತುಂಬಿಸುವ ಯೋಜನೆಯ ವೆಚ್ಚ ಸುಮಾರು 670 ಕೋಟಿ. ಆ ಲೆಕ್ಕದಲ್ಲಿ ಇಂಥ ನಾಲ್ಕು ಯೋಜನೆ ಮುಗಿಸಿ ಇನ್ನೂ ದುಡ್ಡು ಉಳಿಯುತ್ತೆ.

ಜಗಳ ಹುಟ್ಟಿದ್ದು ಎಲ್ಲಿ?

ಬೆಂಗಳೂರು ಅರಮನೆಯನ್ನು ಮೊದಲು ಕಟ್ಟಿಸಿದವರು ರಾಜರಲ್ಲ. ಕಟ್ಟಿಸಿದ್ದು ಗ್ಯಾರೆಟ್ ಎಂಬ ಇಂಗ್ಲಿಷ್ ಪಾದ್ರಿ, ಸೆಂಟ್ರಲ್ ಕಾಲೇಜು ಆಗಿ ಬೆಳೆದ ಶಾಲೆಯ ಮೊದಲ ಪ್ರಿನ್ಸಿಪಾಲರು. 1873ರಲ್ಲಿ ಎಳೆ ವಯಸ್ಸಿನ ಚಾಮರಾಜೇಂದ್ರ ಒಡೆಯರ್ ಅವರಿಗಾಗಿ 40 ಸಾವಿರ ರೂಪಾಯಿಗೆ ಕೊಳ್ಳಲಾಯಿತು. ಆಮೇಲೆ ಸುತ್ತಲೂ ತೋಟ, ಮರಗಿಡ, ಬಯಲು ಸೇರಿ ನೂರಾರು ಎಕರೆಯಾಗಿ ಬೆಳೆಯಿತು. ಆಗ ಅದು ಊರಾಚೆ, ಈಗ ಊರ ನಡುಮಧ್ಯೆ.

1996ರಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿ ಅರಮನೆ ಸಮೇತ 472 ಎಕರೆ 16 ಗುಂಟೆಯನ್ನು ಸಾರ್ವಜನಿಕ ಉದ್ದೇಶಕ್ಕೆ ವಶಪಡಿಸಿಕೊಳ್ಳಲು ಹೊರಟಿತು. ಅಷ್ಟಕ್ಕೂ ಪರಿಹಾರ 11 ಕೋಟಿ. ಎಕರೆಗೆ ಹಂಚಿದರೆ ಸುಮಾರು 2 ಲಕ್ಷ 33 ಸಾವಿರ, ಗುಂಟೆಗೆ ಆರು ಸಾವಿರವೂ ಬೀಳಲ್ಲ. ಹೈಕೋರ್ಟ್ ಕಾನೂನು ಸರಿ ಅಂತು. ರಾಜಮನೆತನ 1997ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. ಯಥಾಸ್ಥಿತಿ ಕಾಪಾಡಿ ಅಂತ ಆದೇಶವಾಯಿತು. ಮೂಲ ಕೇಸು ಇನ್ನೂ ತೀರ್ಮಾನ ಆಗಿಲ್ಲ. ಕೇಸು ನಡೆಸುತ್ತಿದ್ದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರಲ್ಲಿ ತೀರಿಕೊಂಡರು. ಈಗ ಅವರ ಕುಟುಂಬ ಮತ್ತು ಸಹೋದರಿಯರ ಕಡೆಯ ವಾರಸುದಾರರು ಮುಂದುವರಿಸಿದ್ದಾರೆ.

ಸರ್ಕಾರ ಸಿಕ್ಕಿಬಿದ್ದದ್ದು ರಸ್ತೆ ವಿಚಾರಕ್ಕೆ. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆ ಅಗಲ ಮಾಡಲು ಮೈದಾನದ ಅಂಚು ಬೇಕಾಯಿತು. ಜಾಗ ತಗೊಂಡರೆ ಬದಲಿಗೆ ಟಿಡಿಆರ್ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವರ್ಷಗಟ್ಟಲೆ ಕೊಡಲಿಲ್ಲ. ನ್ಯಾಯಾಂಗ ನಿಂದನೆ ಕೇಸು ಬಿತ್ತು. 2024ರ ಡಿಸೆಂಬರ್‌ನಲ್ಲಿ ಇವತ್ತಿನ ಮಾರುಕಟ್ಟೆ ದರದ ಲೆಕ್ಕದಲ್ಲೇ ಕೊಡಿ ಅಂತ ಆದೇಶ ಬಂತು. ಎಕರೆಗೆ ಸುಮಾರು 188 ಕೋಟಿ ಆಯಿತು.

ಬೆಚ್ಚಿದ ಸರ್ಕಾರ 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ರಸ್ತೆ ಯೋಜನೆಯನ್ನೇ ಕೈಬಿಡುವ ಅಧಿಕಾರ ಅದರಲ್ಲಿ ಇಟ್ಟುಕೊಂಡಿತು. ಮೇ ತಿಂಗಳಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಟಿಡಿಆರ್ ಹಸ್ತಾಂತರಿಸಿ ಅಂದರೆ, ಅದೇ ತಿಂಗಳ ಕೊನೆಗೆ ಮೂವರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ತಡೆ ಹಾಕಿತು.

ಟಿಡಿಆರ್ ಅಂದ್ರೆ ನಗದಲ್ಲ

ಚಹಾದಂಗಡಿ ಮಾತಿನಲ್ಲಿ ಒಂದು ತಪ್ಪು ನಡೀತಿದೆ: ಖಜಾನೆಯಿಂದ 3 ಸಾವಿರ ಕೋಟಿ ನಗದು ಹೋಗುತ್ತೆ ಅಂತ. ಹಾಗಲ್ಲ. ಟಿಡಿಆರ್ ಅಂದ್ರೆ ಬೇರೆ ಕಡೆ ಹೆಚ್ಚುವರಿ ಮಹಡಿ ಕಟ್ಟಿಕೊಳ್ಳುವ ಹಕ್ಕುಪತ್ರ. ಪಡೆದವರು ಅದನ್ನು ಬಿಲ್ಡರ್‌ಗಳಿಗೆ ಮಾರಬಹುದು. ಹಾಗಾಗಿ ಭಾರ ಬೀಳೋದು ಬೆಂಗಳೂರಿನ ರಸ್ತೆ, ನೀರು, ಚರಂಡಿ ಮೇಲೆ. ಬೆಂಗಳೂರಲ್ಲಿ ಈ ಪತ್ರಕ್ಕೆ ಗಿರಾಕಿ ಇದ್ದಾರೆ. ಕಾನಹೊಸಹಳ್ಳಿಯಂಥ ಹೋಬಳಿ ಊರಲ್ಲಿ ಕೊಟ್ಟರೆ ಕೊಳ್ಳೋರು ಯಾರು? ಇಲ್ಲಿ ಜಾಗ ಹೋದರೆ ದುಡ್ಡೇ ಬೇಕು.

ರಾಜಮನೆತನದ ವಾದವನ್ನೂ ಸುಳ್ಳು ಅನ್ನೋಕಾಗಲ್ಲ. ಯಾರ ಜಾಗವೇ ಆಗಲಿ, ಸರ್ಕಾರ ತಗೊಂಡರೆ ತಕ್ಕ ಬೆಲೆ ಕೊಡಬೇಕು. ಹಾಗೇ ಸರ್ಕಾರದ ವಾದದಲ್ಲೂ ಹುರುಳಿದೆ. ಪೂರ್ತಿ ಜಾಗಕ್ಕೆ 11 ಕೋಟಿ ಅಂತ ಕಾನೂನಿದ್ದು, ಹೈಕೋರ್ಟ್ ಅದನ್ನು ಒಪ್ಪಿರುವಾಗ, ಅದರ ಒಂದು ಅಂಚಿಗೆ 3 ಸಾವಿರ ಕೋಟಿ ಕೊಡೋದು ಹೇಗೆ? ಎರಡೂ ನಿಜ ಆಗಿರೋದಕ್ಕೆ ಕಾರಣ ತಡ. ಇತ್ಯರ್ಥವಾಗದ ಜಾಗದಲ್ಲಿ ರಸ್ತೆಗೆ ಕೈ ಹಾಕಿದ್ದು ಒಂದು, ಒಪ್ಪಿದ ಮೇಲೂ ಹತ್ತು ವರ್ಷ ದೂಡಿದ್ದು ಇನ್ನೊಂದು. ಅಷ್ಟರಲ್ಲಿ ಬೆಲೆ ಮುಗಿಲು ಮುಟ್ಟಿತು.

ಹಂಪಿಯಲ್ಲಿ ಆದದ್ದು

ರಾಜರ ಜಾಗದ ಇನ್ನೊಂದು ಕತೆ ಇದೇ ಜಿಲ್ಲೆಯಲ್ಲಿದೆ. 2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿಸಿದರು. ಸ್ಮಾರಕ ಉಳಿಯಬೇಕು ಅನ್ನೋದು ಸರಿಯೇ. ಆದರೆ ತಲೆಮಾರಿನಿಂದ ಹೂವು, ಕಾಯಿ, ಊಟ ಮಾರಿ ಬದುಕಿದವರು ಕಡ್ಡಿರಾಂಪುರದ ಕಡೆ ಹೊಸದಾಗಿ ನೆಲೆ ಕಾಣಬೇಕಾಯಿತು. ಅವರ ಹತ್ತಿರ ಹಕ್ಕುಪತ್ರ ಇರಲಿಲ್ಲ, ದೆಹಲಿಯಲ್ಲಿ ವರ್ಷಗಟ್ಟಲೆ ಹೋರಾಡುವ ದೊಡ್ಡ ವಕೀಲರೂ ಇರಲಿಲ್ಲ. ಅರಮನೆಯವರ ಬಳಿ ಎರಡೂ ಇದ್ದವು. ವ್ಯತ್ಯಾಸ ಇರೋದು ಅಲ್ಲೇ.

ಹೆದ್ದಾರಿ ಪಕ್ಕದವರು ಗಮನಿಸಬೇಕಾದ್ದು

ಕಾನಹೊಸಹಳ್ಳಿ, ಕೂಡ್ಲಿಗಿ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಪಕ್ಕ ಹೊಲ, ಮಳಿಗೆ ಇದ್ದವರಿಗೆ ಈ ಕೇಸಿನಲ್ಲಿ ಪಾಠವಿದೆ. ಹೆದ್ದಾರಿಗೆ ಜಾಗ ಹೋದರೆ ಬೆಲೆ ಕಟ್ಟೋದು 3ಎ ಅಧಿಸೂಚನೆ ಪ್ರಕಟವಾದ ದಿನದ ಮಾರುಕಟ್ಟೆ ದರಕ್ಕೆ, ದುಡ್ಡು ಕೈಗೆ ಬಂದ ದಿನದ ದರಕ್ಕಲ್ಲ. 2015ರಿಂದ ಭೂಸ್ವಾಧೀನದ 2013ರ ಕಾಯ್ದೆಯ ಲೆಕ್ಕವೇ ಹೆದ್ದಾರಿಗೂ ಅನ್ವಯ. ಅದರ ಪ್ರಕಾರ ನೂರಕ್ಕೆ ನೂರು ಸೊಲೇಷಿಯಂ ಸೇರುತ್ತೆ. ಕಟ್ಟಡ, ಮರ, ಬೋರ್‌ವೆಲ್‌ಗೂ ಬೆಲೆ ಕಟ್ಟಬೇಕು. ಮೊತ್ತ ಕಮ್ಮಿ ಅನಿಸಿದರೆ ಕೇಂದ್ರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಬಹುದು.

ಇದಕ್ಕೆಲ್ಲ ಬುಡ ದಾಖಲೆ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ, ಅಣ್ಣತಮ್ಮಂದಿರ ಪಾಲುಪಟ್ಟಿ ಬಾಯಿಮಾತಲ್ಲೇ ಇದ್ದರೆ, ಅಳತೆ ಬಂದ ದಿನ ಓಡಾಡಿ ಉಪಯೋಗವಿಲ್ಲ. ರಿಜಿಸ್ಟರ್‌ನಲ್ಲಿ ಕಡಿಮೆ ಬೆಲೆ ತೋರಿಸಿ ಮಾರಾಟ ಮಾಡುವ ಅಭ್ಯಾಸವೂ ಆಮೇಲೆ ಇಡೀ ಊರಿಗೆ ಹೊಡೆತ. ಪರಿಹಾರ ಕಟ್ಟುವಾಗ ನೋಡೋದು ಅದೇ ಕಾಗದಗಳನ್ನು.

ಇನ್ನು ಕಾಯಬೇಕಿರೋದು 1997ರ ಮೂಲ ಮೇಲ್ಮನವಿಯ ತೀರ್ಪಿಗೆ. ಅಲ್ಲಿ ಸರ್ಕಾರ ಗೆದ್ದರೆ ಪೂರ್ತಿ ಮೈದಾನಕ್ಕೆ 11 ಕೋಟಿ ಅನ್ನೋ ಹಳೇ ಕಾನೂನು ಉಳಿಯುತ್ತೆ. ಸೋತರೆ 15 ಎಕರೆಯ ಲೆಕ್ಕ 472 ಎಕರೆಗೂ ಎದ್ದು ನಿಲ್ಲುತ್ತೆ. ಎರಡರಲ್ಲಿ ಯಾವುದಾದರೂ, ಸಣ್ಣ ಜಾಗದವನಿಗೆ ತಕ್ಕ ಬೆಲೆ, ತಕ್ಕ ಸಮಯಕ್ಕೆ ಸಿಗುತ್ತಾ ಅನ್ನೋ ಪ್ರಶ್ನೆಯನ್ನು ಇಲ್ಲಿನವರು ಇಲ್ಲೇ ಕೇಳಬೇಕು.