ಪೋರ್ಟಲ್ ಕಟ್ಟಿದರೆ ಸಾಲದು

ಎಲ್ಲವೂ ಆನ್‌ಲೈನ್ ಆದರೆ ಭ್ರಷ್ಟಾಚಾರ ತಾನಾಗಿ ಅಳಿಯುತ್ತದೆ ಎಂಬ ಕಳೆದ ವಾರದ ಲೇಖನದ ವಾದವನ್ನು ಒಪ್ಪಲಾರೆ. ಡಿಜಿಟಲ್ ಆಡಳಿತಕ್ಕೆ ಎಸ್ಟೋನಿಯಾವನ್ನು ಮಾದರಿಯೆಂದ ಲೇಖಕರು 2017ರ ಸಂಗತಿಯನ್ನೇ ಬಿಟ್ಟಿದ್ದಾರೆ. ಸುಮಾರು 7.5 ಲಕ್ಷ ಗುರುತಿನ ಚೀಟಿಗಳ ಚಿಪ್‌ನಲ್ಲಿ ದೋಷವಿದೆ ಎಂದು ತಿಳಿದಾಗ ಅಲ್ಲಿನ ಸರ್ಕಾರ ಮುಚ್ಚಿಡಲಿಲ್ಲ. ಜನರಿಗೆ ನೇರವಾಗಿ ಹೇಳಿತು, ನವೆಂಬರ್‌ನಲ್ಲಿ ಆ ಚೀಟಿಗಳ ಡಿಜಿಟಲ್ ಪ್ರಮಾಣಪತ್ರಗಳನ್ನು ತಡೆಹಿಡಿಯಿತು. ಕಲಿಯಬೇಕಾದದ್ದು ಆ ಪ್ರಾಮಾಣಿಕತೆಯನ್ನು.

ನಮ್ಮಲ್ಲಿ? ಟೆಂಡರ್ ಅಕ್ರಮ ತಡೆಯಬೇಕಿದ್ದ ಕರ್ನಾಟಕದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೇ 2019ರಲ್ಲಿ ಕನ್ನ ಬಿತ್ತು. ಗುತ್ತಿಗೆದಾರರು ಟೆಂಡರ್‌ಗಾಗಿ ಕಟ್ಟಿದ್ದ ಇಎಂಡಿ (ಮುಂಗಡ ಠೇವಣಿ) ಹಣದಲ್ಲಿ 11 ಕೋಟಿ ರೂಪಾಯಿಗೂ ಹೆಚ್ಚು ಬೇರೆ ಖಾತೆಗಳ ಪಾಲಾಯಿತು. ಮೇಜಿನಡಿ ಚಾಚುವ ಕೈ ಕಾಣದಾಯಿತೆಂದು ಕಳ್ಳತನವೇ ನಿಂತಿತೆನ್ನುವುದು ಅಪಾಯಕಾರಿ ಭ್ರಮೆ. ಪೋರ್ಟಲ್ ಉದ್ಘಾಟನೆಗಿರುವ ಉತ್ಸಾಹ ಸ್ವತಂತ್ರ ಭದ್ರತಾ ಆಡಿಟ್‌ಗೂ ಇರಲಿ. ಲೋಪ ಕಂಡರೆ ಮೊದಲು ಜನರಿಗೆ ತಿಳಿಸಲಿ.